ಎರಡನೆಯ ಸಲದ ಚೀಸ್

ಲಿಯೋನ್, ಫ್ರಾನ್ಸ್
೧೨ ನವೆಂಬರ್ ೧೯೭೧

ಪ್ರೀತಿಯ ತಂಗಿ ಹಾಂತಾ,

ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯದ ಅಕ್ಕನನ್ನು ನೀನು ಏನೆಂದು ಬೈದುಕೊಂಡಿದ್ದರೂ ಸರಿಯೇ. ಮಗುವಿಗೆ ಹಲ್ಲು ಬಂದ ಸುದ್ದಿ ಓದಿ ಖುಷಿಯಾಯಿತು. ಇವತ್ತು ಬರೆಯದೆ ಇರಲಾರೆ. ಹನ್ನೊಂದು ವರ್ಷದ ಹಗೆ ಕಳೆದ ಭಾನುವಾರ ತೀರಿತು!

ಮದಾಮ್ ತಿಬೊದಿಯೆ ನೆನಪಿದೆಯಲ್ಲ? ಓದಲು ಬಂದ ಹೊಸತರಲ್ಲಿ ನಾನಿದ್ದದ್ದು ಅವಳ ಮನೆಯಲ್ಲಿ, ಅವಳ ಮಕ್ಕಳನ್ನು ನೋಡಿಕೊಂಡು. ಒಂದು ದಿನ ನೆಂಟರ ಜೊತೆ ನನ್ನನ್ನೂ ಊಟಕ್ಕೆ ಕೂರಿಸಿದಳು. ಕೊನೆಗೆ ಚೀಸಿನ ಹಲಗೆ ಬಂತು. ನಾನು ಸಂಕೋಚಪಟ್ಟು, ಚಿಕ್ಕದು ಸಾಕೆಂದು, ತ್ರಿಕೋನಾಕಾರದ ಚೀಸಿನ ಚೂಪು ತುದಿಯನ್ನೇ ಕತ್ತರಿಸಿಕೊಂಡೆ. ತುದಿಯಲ್ಲೇ ರುಚಿ ಹೆಚ್ಚು, ಅದನ್ನು ಒಬ್ಬರೇ ತೆಗೆಯಬಾರದು, ಪಕ್ಕದಿಂದ ಉದ್ದಕ್ಕೆ ಕೊಯ್ಯಬೇಕು ಎಂದು ಮಡಗಾಸ್ಕರಿನ ನಮ್ಮ ಮಿಷನ್ ಶಾಲೆಯಲ್ಲಿ ಯಾರು ಹೇಳಿದ್ದರು? ಸಮಾನತೆಯ ಪಾಠವನ್ನಷ್ಟೇ ಬಾಯಿಪಾಠ ಮಾಡಿಸಿದ್ದರು.

"ಬಿಡಿ ಪಾಪ, ಈಗ ತಾನೇ ಕಾಡಿಂದ ಬಂದಿದೆ. ಇದಕ್ಕೇನು ಗೊತ್ತಾಗತ್ತೆ!" ಎಂದಳು ಮದಾಮ್. ಮೇಜಿಗೆ ಮೇಜೇ ನಕ್ಕಿತು.

ನನ್ನ ನಿಜವಾದ ಓದು ಶುರುವಾದದ್ದು ಅವತ್ತು. ಯಾವ ಗ್ಲಾಸು ಯಾವುದಕ್ಕೆ, ಸಲಾಡಿನ ಎಲೆಗೆ ಚಾಕು ತಾಗಿಸದೆ ಮಡಚುವುದು ಹೇಗೆ, ಎಲ್ಲವನ್ನೂ ಹಲ್ಲು ಕಚ್ಚಿ ಕಲಿತೆ. ಈ ಜನ ದೇವರನ್ನು ಬೈದರೂ ಸಹಿಸುತ್ತಾರೆ, ತಪ್ಪು ಚಮಚ ಹಿಡಿದರೆ ಸಹಿಸುವುದಿಲ್ಲ.

ಈಗ ನನ್ನ ಗಂಡ ಲ್ಯೂಕ್ ಅವಳ ಬೀದಿಗೇ ಡಾಕ್ಟರ್. ಹಾಗಾಗಿ ಊಟಕ್ಕೆ ಕರೆ ಬಂತು. "ಅಯ್ಯೋ, ನಮ್ಮ ಬಾಕುಲಿ! ಎಷ್ಟು ನಾಜೂಕಾಗಿಬಿಟ್ಟಿದ್ದೀಯೇ!" ಎಂದು ಕೆನ್ನೆಗೆ ಕೆನ್ನೆ ತಾಗಿಸಿದಳು. ಊಟವಿಡೀ ಅವಳ ಕಣ್ಣು ನನ್ನ ಕೈ ಮೇಲೆ. ನಾನು ಒಂದು ತಪ್ಪೂ ಮಾಡಲಿಲ್ಲ. ಚೀಸ್ ಬಂತು, ಪಕ್ಕದಿಂದ ಕೊಯ್ದು ತಿಂದೆ. ಹಲಗೆ ಸುತ್ತು ಹಾಕಿ ಅವಳ ಬಳಿಗೆ ಹೋಯಿತು.

ಇಲ್ಲಿ ಚೀಸನ್ನು ಎರಡನೆಯ ಸಲ ಕೇಳಿದರೆ, ನಿಮ್ಮ ಊಟದಲ್ಲಿ ಹೊಟ್ಟೆ ತುಂಬಲಿಲ್ಲವೆಂದು ಮುಖಕ್ಕೆ ಹೇಳಿದ ಹಾಗೆ. ಹತ್ತು ಜನರ ಮುಂದೆ ಗಟ್ಟಿಯಾಗಿ ಕೇಳಿದೆ: "ಮದಾಮ್, ಆ ಹಲಗೆ ಇನ್ನೊಂದ್ಸಲ ಈ ಕಡೆ ಕಳಿಸ್ತೀರಾ?"

ನ್ಯಾಯಾಧೀಶರ ಹೆಂಡತಿ ನ್ಯಾಪ್ಕಿನ್ನಿನಲ್ಲಿ ಬಾಯಿ ಮುಚ್ಚಿಕೊಂಡಳು. ಮದಾಮ್ ಮುಖ ಇಂಗು ತಿಂದ ಮಂಗನಂತಾಯಿತು. "ಬಹುಶಃ ನಿನಗೆ ಗೊತ್ತಿಲ್ಲ..." ಎಂದು ತೊದಲಿದಳು.

"ಗೊತ್ತಿದೆ ಮದಾಮ್, ಚೆನ್ನಾಗೇ ಗೊತ್ತಿದೆ. ಆದ್ರೆ ಹಸಿವು, ಏನ್ಮಾಡ್ಲಿ?"

ದೊಡ್ಡ ತುಂಡೇ ಕೊಯ್ದುಕೊಂಡು ನಿಧಾನವಾಗಿ ತಿಂದೆ. ನಾನು ಮುಗಿಸುವವರೆಗೆ ಎಲ್ಲರೂ ಕಾಯಬೇಕಾಯಿತು. ಅವತ್ತಿನ ಊಟದ ಬಾತುಕೋಳಿ ಅಡಿಗೆಗೆ ಅವಳು ಎರಡು ದಿನ ಒದ್ದಾಡಿದ್ದಳಂತೆ. ಒದ್ದಾಡಲಿ! ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ನಿನ್ನ ಒಲೆಯ ಮೇಲಿನ ಅನ್ನದ ಪಾತ್ರೆ ಎಂದೂ ಬರಿದಾಗದಿರಲಿ. ಮಗುವಿಗೆ ನೂರು ಮುತ್ತು.

ನಿನ್ನ ಅಕ್ಕ,
ಬಾಕುಲಿ

ತಾ.ಕ.: ನಿನ್ನ ಮೂರು ಪತ್ರಗಳಲ್ಲೂ ಇರುವುದು ಒಂದೇ ಪ್ರಶ್ನೆ: ನನ್ನ ಮನೆಯಿಂದ ಊರಿಗೆ ಮರಳಿದ ಮೇಲೆ ಅಮ್ಮ ಈ ಬಾಕುಲಿಯ ಹೆಸರೇ ಎತ್ತುವುದಿಲ್ಲ, ಯಾಕೆ? ಅಮ್ಮ ಇಲ್ಲಿದ್ದಾಗ ಒಂದು ಮಧ್ಯಾಹ್ನ, ಲ್ಯೂಕ್ ಊರಲ್ಲಿರಲಿಲ್ಲ, ನಾಲ್ವರು ಗೆಳತಿಯರು ಊಟಕ್ಕೆ ಬಂದಿದ್ದರು. ನಮ್ಮೂರಲ್ಲಿ ಊಟದ ಜೊತೆ ಕುಡಿಯಲು ಕೊಡುವ ಹಾಗೆಯೇ ಅಮ್ಮ ತಳ ಹಿಡಿದ ಅನ್ನಕ್ಕೆ ನೀರು ಹಾಕಿ ಕುದಿಸಿ, ಪಾತ್ರೆಯನ್ನೇ ಎತ್ತಿಕೊಂಡು ಬಂದು ಎಲ್ಲರ ಗ್ಲಾಸಿಗೂ ಪ್ರೀತಿಯಿಂದ ಸುರಿದಳು. "ಇವರ್ಯಾರು?" ಎಂದು ಒಬ್ಬಳು ಕೇಳಿದಳು. "ನಮ್ಮ ಅಡಿಗೆಯವಳು," ಎಂದೆ. ಅಮ್ಮನಿಗೆ ಅರ್ಥವಾಗುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ನಮ್ಮನ್ನು ಓದಿಸಲು ಅವಳು ಹದಿನಾಲ್ಕು ವರ್ಷ ಫ್ರೆಂಚ್ ಕರ್ನಲ್ ಮನೆಯಲ್ಲಿ ಬಟ್ಟೆ ಒಗೆದವಳು, ಹಾಂತಾ. ಪಾತ್ರೆ ಕೆಳಗಿಟ್ಟು, ತಲೆ ತಗ್ಗಿಸಿ, ಅಚ್ಚ ಫ್ರೆಂಚಿನಲ್ಲಿ ನನ್ನನ್ನು ಕೇಳಿದಳು: "ತಟ್ಟೆ ತೆಗೀಲಾ, ಮದಾಮ್?"