ಮೇಲಿನ ಸಾಲಿನ ಧೂಳು

ಭಾನುವಾರ, ಮಧ್ಯಾಹ್ನ

ಬಂಗಾರೀ, ನಿನ್ನ ಸೋದರತ್ತೆಯ ಆಶೀರ್ವಾದ.

ಎದೆಯಲ್ಲಿ ಧೂಳು ಕೂತಿದೆ, ಆ ಬಾರ್ ಬಿಡದಿದ್ದರೆ ಅಪ್ಪ ಉಳಿಯುವುದಿಲ್ಲ ಅಂದರಂತೆ ಡಾಕ್ಟರು. ಹೇಗಾದರೂ ಮಾಡಿ ನನ್ನ ಮನೆಗೆ ಕರೆದುಕೊಂಡು ಬಾ ಅಂತ ನೀನು ಅತ್ತು ನನ್ನನ್ನು ಕಳಿಸಿದೆ. ಬಂದೆ. ಬರಬಾರದಿತ್ತು. ಇಷ್ಟು ವರ್ಷ ನಾನು ಈ ಬಾರಿನ ಹೊಸ್ತಿಲು ತುಳಿದವಳಲ್ಲ. ನಮ್ಮ ತಾತನ ಕಾಲದ್ದು, ದೂರದೂರದಿಂದ ಜನ ನೋಡಲು ಬರುತ್ತಾರೆ ಅಂತ ನಿಮ್ಮಪ್ಪ ಕೊಚ್ಚಿಕೊಳ್ಳುವುದನ್ನು ಕೇಳಿದ್ದೆ, ಅಷ್ಟೇ.

ಥೂ! ಏನು ಹೇಳಲಿ. ಕೌಂಟರಿನ ಮೇಲೆ ಕೈ ಇಟ್ಟರೆ ಕಿತ್ತುಕೊಳ್ಳಬೇಕು, ಅಷ್ಟು ಜಿಗುಟು. ಹಿತ್ತಾಳೆ ನಲ್ಲಿಗಳ ಸಂದಿಯಲ್ಲಿ ಹಸಿರು ಕಿಲುಬು. ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ ಕೂತೆದ್ದರೆ ಬಟ್ಟೆಗೆಲ್ಲ ಹಳಸಿದ ಬಿಯರಿನ ನಾತ. ಕನ್ನಡಿಯ ಹಿಂದೆ ಇಲಿ ಸಂಸಾರ ಹೂಡಿದೆ. ಎಲ್ಲಕ್ಕಿಂತ ಕಡೆ ಅಂದರೆ ಮೇಲಿನ ಸಾಲಿನ ಖಾಲಿ ಶೀಶೆಗಳು. ಕಂಬಳಿ ಹೊದ್ದ ಹಾಗೆ ಧೂಳು! ತಾತನೂ ಅದನ್ನು ಒರೆಸಿದವನಲ್ಲವಂತೆ. ಬಂದವರು ಮೊದಲು ಫೋಟೊ ತೆಗೆಯುವುದೇ ಅದನ್ನಂತೆ. ಗಾಳಿಗೆ ಹಾರೀತೆಂದು ನಿಮ್ಮಪ್ಪ ಕಿಟಕಿಗೆ ಮೊಳೆ ಹೊಡೆಸಿದ್ದಾನೆ. ಆ ಧೂಳಿನ ಕೆಳಗೇ ಕೂತು ಕೆಮ್ಮಿ ಕೆಮ್ಮಿ, ಕರವಸ್ತ್ರಕ್ಕೆ ಉಗುಳಿ, ಅದೇ ಕೈಯಲ್ಲಿ ಗ್ಲಾಸು ಒರೆಸುತ್ತಾನೆ. ನನಗೆ ಊಟ ಸೇರಲಿಲ್ಲ.

ಮಗಳ ಮನೆಗೆ ನಡಿಯೋ ಅಂದೆ. ಅಲ್ಲಿ ಮುರುಕು ಸ್ಟೂಲಿನ ಹಾಗೆ ಮೂಲೆಯಲ್ಲಿ ಕೂತರೆ ನನ್ನ ಫೋಟೊ ಯಾರು ತೆಗೀತಾರಕ್ಕಾ ಅಂದ.

ಅವನು ಆಸ್ಪತ್ರೆಗೆ ಹೋದ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿಯ ಮೊಳೆ ಕಿತ್ತು, ಒಂದೂ ಬಿಡದೆ ಶೀಶೆಗಳನ್ನು ತೊಳೆದೆ. ಬಕೆಟಿನ ತಳದಲ್ಲಿ ಜಿರಳೆ ರೆಕ್ಕೆ, ಜೊತೆಗೆ ಯಾರದೋ ಹಲ್ಲು. ಹೌದು ಕಣೇ, ಹಲ್ಲು!

ಸಂಜೆ, ದಿನಾ ಬರುವ ಗಡಿಯಾರ ರಿಪೇರಿಯವರು ತೊಳೆದ ಶೀಶೆಗಳನ್ನು ಕಂಡು ಬಾಗಿಲಲ್ಲೇ ಟೋಪಿ ತೆಗೆದು, ಯಜಮಾನರು ಯಾವಾಗ ತೀರಿಕೊಂಡರು ಅಂತ ಕೇಳಿದರು. ಹೊಸಬರು ಕ್ಯಾಮೆರಾ ಎತ್ತಿ, ಇಳಿಸಿ, ಹೊರಟುಹೋದರು. ದಿನ ಕಳೆದ ಹಾಗೆ ಕುರ್ಚಿಗಳು ಖಾಲಿಯಾದವು. ನಿಮ್ಮಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಮ್ಮು ಅರ್ಧ ಇಳಿಯಿತು, ಮಾತು ಪೂರ್ತಿ ನಿಂತಿತು. ತಟ್ಟೆ ಮುಟ್ಟುತ್ತಿರಲಿಲ್ಲ. ಎದೆ ಉಳಿಸಲು ಹೋಗಿ ತಮ್ಮನನ್ನೇ ಕಳೆದುಕೊಳ್ಳುತ್ತೇನೇನೋ ಅಂತ ಹೆದರಿದೆ.

ಈಗ ಪರವಾಗಿಲ್ಲ. ಜನ ಮತ್ತೆ ಬರುತ್ತಿದ್ದಾರೆ, ಹೇಗೋ. ಕಿಟಕಿ ತೆರೆದೇ ಇದೆ, ಕೆಮ್ಮು ಹೆಚ್ಚಿಲ್ಲ. ಉಣ್ಣುತ್ತಾನೆ, ನನ್ನ ಅಡುಗೆಗೆ ಹೆಸರಿಡುತ್ತಾನೆ. ಕರೆತರುವ ಮಾತು ಬಿಡು. ನಾನೂ ಸ್ವಲ್ಪ ದಿನ ಇಲ್ಲೇ ಇರುತ್ತೇನೆ.

ಮೂಗು ಮುಚ್ಚಿಕೊಂಡೇ ಬರೆದ,
ನಿನ್ನ ಅತ್ತೆ

ತಾ.ಕ.: ಯಾರ ಮುಂದೆಯೂ ಬಾಯಿ ಬಿಡಬೇಡ. ಬಡಗಿಯಿಂದ ಮರದ ಹೊಟ್ಟು ತಂದು, ಬೂದಿ ಬೆರೆಸಿ, ಜರಡಿ ಹಿಡಿದು, ಶೀಶೆಗಳಿಗೆ ಗೋಂದು ಸವರಿ ಮೇಲೆ ಉದುರಿಸಿದ್ದೇನೆ. ಗಟ್ಟಿಯಾಗಿ ಅಂಟಿದೆ, ಹಾರುವುದಿಲ್ಲ. ತೊಳೆದದ್ದನ್ನು ಕಣ್ಣಾರೆ ಕಂಡ ಗಡಿಯಾರದವರೇ ಈಗ ಹೊಸಬರಿಗೆ ಇದು ತಾತನ ಕಾಲದ ಧೂಳು ಅಂತ ತೋರಿಸುತ್ತಾರೆ. ಅಸಹ್ಯ! ನಿಮ್ಮಪ್ಪನಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ, ನನ್ನ ಮುಖ ನೋಡದೆ, ಅಕ್ಕಾ, ಎಡಗಡೆ ಮೂಲೆಗೆ ಇನ್ನೊಂಚೂರು ಬೇಕು ಅಂದ.