ಹೂಂಗುಟ್ಟುವ ಗಂಟೆ

ಮೇ 9, ಬೆಳಿಗ್ಗೆ

ಜಾಡಿಗಳಿಗೆ ನೀರು ತುಂಬಿಸಿದೆ. ಗಂಟೆಯ ತಂತಿಗೆ ಕರೆಂಟು ಕೊಡುವ ಹನ್ನೆರಡು ಗಾಜಿನ ಜಾಡಿ — ತಳದಲ್ಲಿ ಮೈಲುತುತ್ತ, ಮೇಲೆ ಸತುವಿನ ಬಿಲ್ಲೆ. ನಾಲ್ಕನೆಯದರ ನೀಲಿ ಬಿಳಿಚಿಕೊಂಡಿತ್ತು, ಎರಡು ಚಮಚ ಪುಡಿ ಹಾಕಿದೆ. ಇವು ಸತ್ತರೆ ತಂತಿ ಸತ್ತಂತೆ.

ಏಳಕ್ಕೆ ಗುಂಡಿ ಒತ್ತಿ ಪರೀಕ್ಷೆಯ ಮೂರು ಏಟು ಹೊಡೆದೆ. ಆರು ಮೈಲಿ ಕೆಳಗೆ, ಜನ ಹೊಳೆ ದಾಟುವ ಜಾಗದ ಗುಡಿಸಲಲ್ಲಿ ದೊಡ್ಡ ಗಂಟೆ ಬಡಿದಿರಬೇಕು. ಅಲ್ಲಿನವನು ಗುಂಡಿ ಒತ್ತಿದ. ನನ್ನ ಮೇಜಿನ ಮೇಲಿನ ಮರಿಗಂಟೆ ನುಡಿಯಿತು. ಠಣ್, ಠಣ್... ಠಣ್. ಮೂರನೆಯದು ಕುಂಟುತ್ತದೆ. ಹನ್ನೊಂದು ವರ್ಷದಿಂದ ಕುಂಟುತ್ತಲೇ ಇದೆ. ಅವನ ಮುಖ ನಾನು ನೋಡಿದವನಲ್ಲ. ಕುಂಟಯ್ಯ ಅಂತ ನಾನೇ ಇಟ್ಟ ಹೆಸರು.

ಕಟ್ಟೆಯ ತೂಬು ಎತ್ತುವ ದಿನವೂ ಹೀಗೇ. ನಾನು ಮೂರು ಹೊಡೆಯಬೇಕು. ಅವನು ಹೊಳೆಗಿಳಿದವರನ್ನೆಲ್ಲ ಕೂಗಿ, ಬೈದು, ದಡ ಹತ್ತಿಸಿ, ಆಮೇಲೆ ಮೂರು ವಾಪಸು ಕಳಿಸಬೇಕು. ಅದು ಬಂದ ಮೇಲೇ ತೂಬಿಗೆ ಕೈ. ಆ ಉತ್ತರಕ್ಕೆ ರೂಲ್ ಬುಕ್ಕಿನ ಹೆಸರು ಅಕ್ನಾಲೆಡ್ಜ್‌ಮೆಂಟ್. ಈ ಪದದಲ್ಲಿ ‘ಡಿ’ ಅಕ್ಷರ ಎಲ್ಲಿ ಬರುತ್ತದೆಂದು ಕಾಲೇಜಿನಲ್ಲೂ ತಿಳಿಯಲಿಲ್ಲ, ಈಗಲೂ ಇಲ್ಲ. ಎರಡು ವರ್ಷ ಓದಿ ಎರಡು ಸಲ ಫೇಲಾದವನ ಇಂಗ್ಲಿಷು.

ಮೇ 14

ಅನ್ನ ತಳ ಹಿಡಿಯಿತು. ತಿಂದೆ.

ಗೋಡೆಗೆ ಮಾತಾಡುವ ಅಭ್ಯಾಸ ಬಿಡಬೇಕು. ಚಕ್ರದವನು — ತೂಬಿನ ಚಕ್ರ ತಿರುಗಿಸುವವನು — ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. “ಯಾರಯ್ಯಾ ಒಳಗೆ?” ಅಂದ. “ಯಾರೂ ಇಲ್ಲ” ಅಂದೆ. “ಸರಿ, ಅವರಿಗೂ ಸ್ವಲ್ಪ ಮಾತಾಡೋಕೆ ಬಿಡಪ್ಪ” ಅಂತ ನಗಾಡಿದ.

ಹೆಂಡತಿ ಇದ್ದಾಗ ಹೂಂಗುಟ್ಟುತ್ತಿದ್ದಳು. ನಾನು ಹೇಳುವುದು ಉದ್ದ, ಅವಳ ಹೂಂ ಗಿಡ್ಡ. ನಡುನಡುವೆ ನಿದ್ದೆ ಹೋದರೂ ಹೂಂ ನಿಲ್ಲುತ್ತಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದೆ: “ನಾಳೆಯಿಂದ ಕತ್ತೆ ಮೇಲೆ ಕೂತು ಕೆಲಸಕ್ಕೆ ಹೋಗ್ತೀನಿ ಕಣೇ.” “ಹೂಂ.” “ಆ ಕತ್ತೆಗೆ ನಿನ್ನ ಸೀರೆ ಉಡಿಸ್ತೀನಿ.” “ಹೂಂ...” ಆಗ ಗೊತ್ತಾಗುತ್ತಿತ್ತು, ಹೂಂ ಇದೆ, ಅವಳಿಲ್ಲ ಅಂತ. ದೀಪ ಆರಿಸುತ್ತಿದ್ದೆ.

ಅವಳು ತೀರಿಕೊಂಡು ನಾಲ್ಕು ವರ್ಷ ಆಯಿತು.

ಮೇ 21

ಹೊಸ ಇಂಜಿನಿಯರ್ ಬಂದರು. ನನ್ನ ಅಳಿಯನಿಗಿಂತ ಚಿಕ್ಕವರು. ಪೆಟ್ಟಿಗೆ ಬಿಚ್ಚಿ ಹೊಸ ಯಂತ್ರ ಕೂರಿಸಿದರು. ಕೆಳಗಿನ ಗುಡಿಸಲಲ್ಲೂ ನಿನ್ನೆಯೇ ಕೂರಿಸಿ ಬಂದಿದ್ದಾರೆ.

ಇನ್ನು ಕುಂಟಯ್ಯ ಗುಂಡಿ ಒತ್ತಬೇಕಿಲ್ಲ. ಅವನ ಗುಂಡಿಯನ್ನೇ ತೆಗೆದಾಯಿತು. ನಾನು ಒತ್ತಿದರೆ ಅಲ್ಲಿ ಸುತ್ತಿಗೆ ಗಂಟೆಗೆ ಬಡಿಯುತ್ತದೆ, ಬಡಿದ ಕ್ಷಣ ಸುತ್ತಿಗೆಯೇ ತಂತಿ ಮುಟ್ಟಿಸಿ ನನ್ನ ಮರಿಗಂಟೆ ನುಡಿಸುತ್ತದೆ. ಅರ್ಧ ಗಂಟೆ ಬಿಟ್ಟು ತೂಬು ಎತ್ತು. ಅಷ್ಟೇ.

“ಮನುಷ್ಯ ಮರೀತಾನೆ, ಮಲಗ್ತಾನೆ. ಇದು ಸುಳ್ಳು ಹೇಳಲ್ಲ. ಗಂಟೆ ಹೊಡೆದ್ರೇನೇ ಉತ್ತರ” ಅಂದರು.

“ಹೊಡೆದಿದ್ದು ಗೊತ್ತಾಗುತ್ತೆ ಸಾರ್. ಕೇಳಿಸ್ಕೊಂಡಿದ್ದು?”

“ಅಷ್ಟು ದೊಡ್ಡ ಗಂಟೆ ರೀ! ಕಿವುಡನಿಗೂ ಕೇಳುತ್ತೆ.”

ಹಿಯರಿಂಗ್ ಬೇರೆ, ಲಿಸನಿಂಗ್ ಬೇರೆ ಅಂತ ನಮ್ಮ ಇಂಗ್ಲಿಷ್ ಮೇಷ್ಟ್ರು ಮೇಜು ಕುಟ್ಟಿ ಹೇಳಿದ್ದರು. ಯಾವುದು ಕಿವಿಯದು, ಯಾವುದು ಮನಸ್ಸಿನದು... ಬಾಯಿಗೆ ಬರಲಿಲ್ಲ.

ಹೊಡೆದೆ. ಠಣ್ ಠಣ್ ಠಣ್. ಮಿಲಿಟರಿ ಹೆಜ್ಜೆ. ಕುಂಟು ಇಲ್ಲ.

ಜೂನ್ 2

ಮಗಳ ಕಾಗದ. ಅವಳ ಮನೆ ಹೊಳೆಯ ಆ ಬದಿ, ದಾಟುವ ಜಾಗದ ಹತ್ತಿರವೇ. ಅಳಿಯ ಮೇಸ್ತ್ರಿ. ಬತ್ತಿದ ಹೊಳೆಯ ನಟ್ಟನಡುವೆ ಸೇತುವೆಯ ಕಂಬ ಏಳಿಸುತ್ತಿದ್ದಾರೆ, ನಲವತ್ತು ಜನ. ಇವಳು ದಿನಾ ಬುತ್ತಿ ಹೊತ್ತು ಅಲ್ಲಿಗೇ ಇಳಿಯುತ್ತಾಳೆ.

ಕಾಗದದ ಈ ಭಾಗ ಇಲ್ಲಿ ಬರೆದಿಡುತ್ತೇನೆ: “ಅಪ್ಪಾ, ನಿಮ್ಮ ಕುಂಟಯ್ಯನ್ನ ನೋಡಿದೆ. ಕುಂಟೂ ಇಲ್ಲ ಮಣ್ಣೂ ಇಲ್ಲ, ಜಿಂಕೆ ಥರ ಓಡ್ತಾರೆ. ಮೂರನೇದು ಯಾಕೆ ತಡ ಅಂತ ಕೇಳಿದೆ. ಎರಡು ಒತ್ತಿದ ಮೇಲೆ ಒಂದು ಸಲ ಹೊಳೆ ಕಡೆ ತಿರುಗಿ ನೋಡ್ತಾರಂತೆ, ಯಾರಾದ್ರೂ ಉಳಿದಿದ್ದಾರಾ ಅಂತ. ಪರೀಕ್ಷೆಗೆ ಒತ್ತುವಾಗಲೂ ಕತ್ತು ತಾನಾಗೇ ತಿರುಗುತ್ತಂತೆ. ಆಮೇಲೆ ಮೂರನೇದು. ಈಗ ಅವರಿಗೆ ಗುಂಡೀನೇ ಇಲ್ಲವಲ್ಲ, ಸುಮ್ಮನೆ ಯಾಕೆ ಕೂರ್ತೀಯ ಅಂತ ಸಿಮೆಂಟ್ ಶೆಡ್ಡಿಗೂ ಹಾಕಿದ್ದಾರೆ. ಅಲ್ಲೇ ಇರೋ ಕಲ್ಲು ಪುಡಿ ಮಾಡೋ ಯಂತ್ರ ಶುರುವಾದ್ರೆ ಪಕ್ಕದಲ್ಲಿ ನಿಂತು ಕೂಗಿದ್ರೂ ಕೇಳಲ್ಲ ಅಪ್ಪ. ಮೂರು ಗಂಟೆಗೆ ಚಹಾಕ್ಕೆ ನಿಲ್ಲಿಸ್ತಾರೆ, ಆವಾಗ್ಲೇ ಕಿವಿಗೆ ಜೀವ ಬರೋದು.”

ಎರಡು ಸಲ ಓದಿದೆ. ಹನ್ನೊಂದು ವರ್ಷ ಅವನ ಬಗ್ಗೆ ತಮಾಷೆ ಮಾಡಿದೆ.

ಜೂನ್ 4

ನಿದ್ದೆ ಇಲ್ಲ. ಬೆಳಿಗ್ಗೆಯೇ ಒಂದು ಕೆಲಸ ಮಾಡಿದೆ. ಏಳು ಏಟು ಹೊಡೆದೆ. ಏಳಕ್ಕೆ ಯಾವ ಅರ್ಥವೂ ಇಲ್ಲ. ಮನುಷ್ಯನಾಗಿದ್ದರೆ ‘ಏನಯ್ಯಾ ಇದು’ ಅಂತ ತಡವರಿಸುತ್ತಿದ್ದ. ಏಳೂ ವಾಪಸು ಬಂತು, ಒಂದು ಕೂದಲೆಳೆ ತಡವಿಲ್ಲದೆ.

ಕತ್ತೆಗೆ ಸೀರೆ ಉಡಿಸ್ತೀನಿ. ಹೂಂ.

ಸಂಜೆ ಮಗಳಿಗೆ ಕಾರ್ಡು ಬರೆದೆ, ಕುಂಟಯ್ಯನಿಗೆ ಓದಿ ಹೇಳಲು. “ಮೂರು ಏಟು ಕೇಳಿದರೆ ಹೊಳೆ ಖಾಲಿ ಮಾಡಿಸಿ. ಖಾಲಿಯಾದ ಮೇಲೆ ಬಂದು ಗಂಟೆಯ ಸುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಬಡಿಯಲು ಬಿಡಬೇಡಿ. ನಾನು ಆಗಾಗ ಒಂದೊಂದು ಏಟು ಹೊಡೆಯುತ್ತಿರುತ್ತೇನೆ. ಸುತ್ತಿಗೆ ಬಡಿಯದಿದ್ದರೆ ನನಗೆ ಉತ್ತರ ಬರುವುದಿಲ್ಲ. ಉತ್ತರ ಬರಲಿಲ್ಲವೆಂದರೆ ನೀವು ಇದ್ದೀರಿ ಅಂತ ಅರ್ಥ.”

ಬರೆದ ಮೇಲೆ ನನಗೇ ತಲೆಕೆಟ್ಟಿತು. ಉತ್ತರ ಬಂದರೆ ಯಾರೂ ಇಲ್ಲ, ಬರದಿದ್ದರೆ ಮನುಷ್ಯ ಇದ್ದಾನೆ! ಆದರೆ ಬೇರೆ ದಾರಿ ಇಲ್ಲ, ಗುಂಡಿ ಕಿತ್ತಿದ್ದಾರೆ.

ಜೂನ್ 11

ಏಳು ಗಂಟೆ ಪರೀಕ್ಷೆ. ಮೂರು ಹೋಯಿತು, ಮೂರು ಬಂತು. ಸ್ವಲ್ಪ ಬಿಟ್ಟು ಇನ್ನೊಂದು ಒತ್ತಿದೆ.

ಇಲ್ಲ.

ಮತ್ತೆ ಒತ್ತಿದೆ. ಇಲ್ಲ! ಮರಿಗಂಟೆ ಸುಮ್ಮನೆ ಕೂತಿದೆ. ಆರು ಮೈಲಿಯಾಚೆ ಒಬ್ಬ ಸುತ್ತಿಗೆ ಹಿಡಿದು ನಿಂತಿದ್ದಾನೆ. ಕುರ್ಚಿಯಲ್ಲಿ ಒಬ್ಬನೇ ಕೂತು ನಕ್ಕೆ. ಚಕ್ರದವನು ಇಣುಕಿ, “ಇವತ್ತು ಅವರು ಜೋಕ್ ಹೇಳಿದ್ರಾ?” ಅಂದ.

ಅವನಿಗೂ ಗುಟ್ಟು ಹೇಳಿದೆ. ತಲೆ ಕೆರೆದುಕೊಂಡ. “ಹಾಗಾದ್ರೆ ತಂತಿ ಕಡಿದು ಹೋದ್ರೂ ಉತ್ತರ ಬರಲ್ಲವಲ್ಲ? ಆಗ ಅದು ಮನುಷ್ಯನೋ, ಕಡಿದ ತಂತಿಯೋ?”

ನಗು ನಿಂತಿತು.

ಜುಲೈ 3, ಮಧ್ಯಾಹ್ನ 12-40

ಇಲ್ಲಿ ಒಂದು ಹನಿ ಇಲ್ಲ, ರಣಬಿಸಿಲು. ಮೇಲೆ ಬೆಟ್ಟದಲ್ಲಿ ಸುರಿದಿದೆ. ನೀರು ಕೆಂಪಾಗಿ ಬರುತ್ತಿದೆ. ಅಳತೆ ಕಂಬದ ಕೆಂಪು ಗೆರೆಗೆ ಇನ್ನು ಒಂದೂವರೆ ಗೇಣು ಬಾಕಿ. ಗೆರೆ ಮುಟ್ಟಿದರೆ ಮಣ್ಣಿನ ಏರಿ ತಡೆಯುವುದಿಲ್ಲ. ಏರಿ ಒಡೆದರೆ ಹೊಳೆ ಮಾತ್ರವಲ್ಲ, ಊರೇ ಹೋಗುತ್ತದೆ.

ಮೂರು ಹೊಡೆದೆ. ಮೂರು ಬಂತು.

1-15

ಒಂದು ಏಟು. ಉತ್ತರ ಬಂತು. ಅಂದರೆ ಸುತ್ತಿಗೆ ಹಿಡಿದವರಿಲ್ಲ. ಮತ್ತೆ ಮೂರು. ಮತ್ತೆ ಒಂದು. ಬರುತ್ತಲೇ ಇದೆ.

ಸೈಕಲ್ಲಿನಲ್ಲಿ ಯಾರನ್ನಾದರೂ ಕಳಿಸೋಣವೆಂದರೆ ದಾರಿಯ ಹಳ್ಳ ಎದೆಮಟ್ಟ ಹರಿಯುತ್ತಿದೆಯಂತೆ. ತೂಬು ಎತ್ತಿದರೆ ನೀರಿಗೆ ಆ ಆರು ಮೈಲಿ ಮುಕ್ಕಾಲು ಗಂಟೆಯ ದಾರಿಯೂ ಅಲ್ಲ.

ಮಗಳು ಬುತ್ತಿ ತಗೊಂಡು ಇಳಿದಿರುವ ಹೊತ್ತು.

1-50

ಇಂಜಿನಿಯರ್ ಓಡಿ ಬಂದರು, ಟೋಪಿಯೂ ಇಲ್ಲ. ಒಂದು ಗೇಣೂ ಉಳಿದಿಲ್ಲ.

“ಗಂಟೆ ಕೊಟ್ಟಿದ್ದೀರಾ?”

“ಕೊಟ್ಟಿದ್ದೀನಿ ಸಾರ್, ಒಂದು ಗಂಟೆ ಮೇಲಾಯ್ತು.”

“ಉತ್ತರ?”

“ಬಂತು.”

“ಮತ್ತೆ ಇನ್ನೂ ಯಾಕ್ರೀ ಕೂತಿದ್ದೀರಿ? ಎತ್ತಿ!”

ಚಕ್ರದ ಹಿಡಿ ನನ್ನ ಮಡಿಲಲ್ಲಿತ್ತು. ಅದಿಲ್ಲದೆ ಚಕ್ರ ತಿರುಗುವುದಿಲ್ಲ. ಕೊಡಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬ ಮೇಲಧಿಕಾರಿಗೆ ಇಲ್ಲ ಅಂದೆ.

“ಸಾರ್, ನೀವೇ ಒಂದು ಸಲ ಒತ್ತಿ. ಹನ್ನೊಂದು ಏಟು. ಹನ್ನೊಂದು ಅಂತ ರೂಲ್ ಬುಕ್ಕಲ್ಲೇ ಇಲ್ಲ. ಮನುಷ್ಯ ಇದ್ರೆ ತಬ್ಬಿಬ್ಬಾಗ್ತಾನೆ.”

“ಇದು ಆಟ ಆಡೋ ಹೊತ್ತಾ?”

“ಒತ್ತಿ ಸಾರ್.”

ಸಿಟ್ಟಿನಲ್ಲೇ ಒತ್ತಿದರು. ಹನ್ನೊಂದೂ ತಿರುಗಿ ಬಂತು. ಸಾಲಾಗಿ, ಅಚ್ಚುಕಟ್ಟಾಗಿ. ಅವರ ಕೈ ಗುಂಡಿಯ ಮೇಲೆಯೇ ಉಳಿಯಿತು. ಅವರೇ ಕೂರಿಸಿದ ಯಂತ್ರ.

ಸುತ್ತಿಗೆಯ ಗುಟ್ಟು ಆಗ ಹೇಳಿದೆ. ನಲವತ್ತು ಜನ, ಅದರಲ್ಲಿ ನನ್ನವರಿಬ್ಬರು, ಅದನ್ನೂ ಹೇಳಿದೆ. ಮೂರಕ್ಕೆ ಕಲ್ಲಿನ ಯಂತ್ರ ನಿಲ್ಲಿಸುತ್ತಾರೆ, ಆಗ ಗಂಟೆ ಕೇಳೀತು ಅಂದೆ.

ಕಿಟಕಿಯಿಂದ ಅಳತೆ ಕಂಬ ನೋಡಿದರು. ಆಮೇಲೆ, “ನೀರು ಗೆರೆ ಮುಟ್ಟಿದ್ರೆ ನಾನು ಕಾಯಲ್ಲ. ಕಾಯೋ ಹಾಗೂ ಇಲ್ಲ. ನಿಮಗೂ ಗೊತ್ತು” ಅಂದರು.

“ಗೊತ್ತು ಸಾರ್. ಮುಟ್ಟಿದ್ರೆ ಹಿಡಿ ನಾನೇ ಹಾಕ್ತೀನಿ.”

ಹೇಳಿದ್ದೇನೋ ಹೇಳಿದೆ.

2-30

ಗೆರೆಗೆ ಇನ್ನು ಆರು ಬೆರಳು. ಇಂಜಿನಿಯರ್ ಕಂಬದ ಹತ್ತಿರ, ಚಕ್ರದವನು ಚಕ್ರದ ಹತ್ತಿರ, ನಾನಿಲ್ಲಿ. ಎಡಗೈಯಲ್ಲಿ ಗುಂಡಿ, ಬಲಗೈಯಲ್ಲಿ ಪೆನ್ಸಿಲ್. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ. ಇನ್ನೂರೈವತ್ತು ಏಟಾದರೂ ಆಗಿರಬೇಕು. ಒಂದಕ್ಕೂ ಉತ್ತರ ತಪ್ಪಿಲ್ಲ. ಶನಿ!

ಹೆಂಡತಿಯ ವಿಷಯ ಒಂದು ಬರೆಯಬೇಕು, ಎಂದೂ ಬರೆದಿಲ್ಲ. ಅವಳು ಹೋದ ವರ್ಷವೂ ನೆರೆ. ಈ ಮೇಜಿನ ಮೇಲೆ ರಿಜಿಸ್ಟರ್ ಬರೆಯುತ್ತಿದ್ದೆ. “ಎದೆ ಯಾಕೋ ಹಿಂಡ್ತಿದೆ ರೀ” ಅಂದಳು. ಹೂಂ ಅಂದೆ. “ಎಡಗೈಯೂ ಜೋಮು ಹಿಡಿದಿದೆ.” ಹೂಂ. ಮೂರನೆಯ ಸಲ ಏನಂದಳೋ... ಅದಕ್ಕೂ ಹೂಂ ಅಂದಿದ್ದೇನೆ. ತಡವಿಲ್ಲದೆ. ಅಚ್ಚುಕಟ್ಟಾಗಿ. ತಲೆಯೆತ್ತಿದಾಗ ಅವಳು ಬಾಗಿಲಿಗೆ ಒರಗಿ ಕೂತಿದ್ದಳು.

ನನ್ನನ್ನು ಪರೀಕ್ಷೆ ಮಾಡಲು ಅವಳಿಗೆ ಕತ್ತೆಯ ಕಥೆ ಹೊಳೆಯಲಿಲ್ಲ.

3-04

ಕಲ್ಲಿನ ಯಂತ್ರ ನಿಂತಿರಬೇಕು. ಮೂರು ಮೂರಾಗಿ ಹೊಡೆಯುತ್ತಿದ್ದೇನೆ. ಬಂತು. ಬಂತು. ಬಂತು. ಕೇಳಿಸಿಕೊಳ್ಳಿ ಮಹರಾಯರೇ. ಚಹಾ ಲೋಟ ಕೆಳಗಿಡಿ.

ಮೂರು ಬೆರಳು.

3-16

ಒಂದು ಏಟು. ಉತ್ತರ ಬಂತು.

ಕೇಳಿಸಿದರೂ ನಲವತ್ತು ಜನ ದಡ ಹತ್ತಬೇಡವೇ? ಸಾಮಾನು ಎತ್ತಿಕೊಳ್ಳುತ್ತಾರೆ, ಕಂಬದ ಅಟ್ಟಣೆಯ ಮರ ಎಳೆಯುತ್ತಾರೆ. ಮಗಳು ಬುತ್ತಿ ಪಾತ್ರೆ ಬಿಟ್ಟು ಬರುವವಳಲ್ಲ, ಅವಳಮ್ಮನ ಹಾಗೇ. ಬಿಡೇ ತಾಯಿ, ಪಾತ್ರೆ ಬಿಡು.

ಎರಡು ಬೆರಳು. ಇಂಜಿನಿಯರ್ ಕೂಗಿ ಹೇಳಿದರು.

3-25

ಒಂದು ಏಟು. ಇಲ್ಲ.

ಇನ್ನೊಂದು. ಇಲ್ಲ.

ಇಂಜಿನಿಯರ್ ಬಾಗಿಲಿಗೆ ಬಂದರು. “ಏನು?”

“ಉತ್ತರ ಇಲ್ಲ ಸಾರ್.”

“ಒಳ್ಳೇದೇ ಅಲ್ವಾ?” ಅಂದರು. ಅಂದವರ ಮುಖದ ಬಣ್ಣವೇ ಇಳಿಯಿತು. ಹಳ್ಳದ ನೀರಿಗೆ ತಂತಿಕಂಬ ಬಿದ್ದಿದ್ದರೆ? ಆಗಲೂ ಹೀಗೇ. ಇದೇ ಮೌನ.

ಒಂದು ಬೆರಳು.

3-29

ನನಗೊಂದು ಹೊಳೆಯಿತು. ಅವನಿಗೂ ಹೊಳೆದರೆ ಬದುಕಿದೆವು. ಚುಟುಕಾಗಿ ಹೊಡೆಯುವುದು ಬಿಟ್ಟು, ಒತ್ತಿ ಹಿಡಿದೆ. ಒತ್ತಿ ಹಿಡಿದಷ್ಟು ಹೊತ್ತೂ ಸುತ್ತಿಗೆ ಅವನ ಕೈಯನ್ನು ಎಳೆಯುತ್ತದೆ. ಅವನು ಬಿಟ್ಟಾಗ ಬಡಿಯುತ್ತದೆ. ಯಾವಾಗ ಬಿಡುವುದು ಅನ್ನುವುದು ಅವನದು, ಯಂತ್ರದ್ದಲ್ಲ.

ಒತ್ತಿದೆ. ಠಣ್.

ಬಿಟ್ಟು ಒತ್ತಿದೆ. ಠಣ್.

ತಂತಿ ಇದೆ! ಮೂರನೆಯದು ಒತ್ತಿ ಹಿಡಿದಿದ್ದೇನೆ. ಇಲ್ಲ. ಇನ್ನೂ ಇಲ್ಲ. ಇಂಜಿನಿಯರ್ ಮೇಜಿನ ಅಂಚು ಹಿಡಿದಿದ್ದಾರೆ. ನನಗೆ ಗೊತ್ತು ಅವನು ಏನು ಮಾಡುತ್ತಿದ್ದಾನೆಂದು. ಕತ್ತು ತಿರುಗಿದೆ. ಹೊಳೆ ನೋಡುತ್ತಿದ್ದಾನೆ. ನೋಡಪ್ಪಾ, ಸರಿಯಾಗಿ ನೋಡು, ಆ ದಡ, ಈ ದಡ, ಕಂಬದ ಹಿಂದೆ...

ಠಣ್.

3-31

ಹಿಡಿ ಇಂಜಿನಿಯರ್ ಕೈಗೆ ಕೊಟ್ಟೆ, ಓಡಿದರು. ನಾನೂ ಹೋಗಬೇಕು, ಇಬ್ಬರಿಂದ ಚಕ್ರ ತಿರುಗುವುದಿಲ್ಲ. ಈ ಸಾಲು ಮುಗಿಸಿ ಏಳುತ್ತೇನೆ. ಚಕ್ರದವನು ಹೊರಗಿಂದ ಅರಚುತ್ತಿದ್ದಾನೆ, “ಏಯ್, ಕೇಳಿಸ್ತಾ ಇಲ್ವೇನಯ್ಯಾ?” ಅಂತ.

ಹೂಂ ಅನ್ನಲಿಲ್ಲ. ತಲೆಯೆತ್ತಿ ಅವನ ಕಡೆ ತಿರುಗಿ ನೋಡಿದೆ, ಆಮೇಲೆ “ಬಂದೆ” ಅಂದೆ. ಪೆನ್ಸಿಲ್ ಕೆಳಗಿಡುತ್ತಿದ್ದೇನೆ.