ತೀರ್ಥರಾಮಣ್ಣ ಎದ್ದು ನಿಂತದ್ದು

೧೪ ಮಾರ್ಚ್ ೧೯೬೨, ಬುಧವಾರ

ಕಣ್ಣು ಮುಚ್ಚಿದರೆ ತೀರ್ಥರಾಮಣ್ಣನ ಮೊಣಕಾಲೇ ಕಾಣುತ್ತದೆ. ರಕ್ತ ಹೆಪ್ಪುಗಟ್ಟದ ಕಾಯಿಲೆ ಅವನದು. ಸಣ್ಣ ಪೆಟ್ಟಿಗೂ ಗಂಟಿನೊಳಗೆ ರಕ್ತ ತುಂಬಿ ತುಂಬಿ, ಎರಡು ವರ್ಷದಿಂದ ಕಾಲು ಮಡಚಿಯೇ ಉಳಿದಿತ್ತು. ಪುತ್ತೂರಿನ ಡಾಕ್ಟರು ಒಮ್ಮೆಯೂ ಬಲವಂತ ಮಾಡಲಿಲ್ಲ. ಪ್ರತಿ ಸಲ ಕಾಲು ಎಷ್ಟು ಬಾಗಿದೆಯೆಂದು ಅಳೆದು, ತುಸುವೇ ನೇರ ಮಾಡಿ ಹೊಸ ಪ್ಲಾಸ್ಟರ್ ಹಾಕುತ್ತಿದ್ದರು. ಇಂದು ಕೊನೆಯದನ್ನು ಬಿಚ್ಚಿದರು.

“ಹೆದರುದು ಎಂತಕ್ಕೆ ಮಾರಾಯ್ರೆ? ನನ್ನ ಹೆಗಲು ಹಿಡ್ಕೊಂಡು ಏಳಿ,” ಎಂದರು ಡಾಕ್ಟರು.

ಅಣ್ಣ ಎದ್ದ. ಹಿಮ್ಮಡಿ ನೆಲ ಮುಟ್ಟಿತು. ಅವನು ನನಗಿಂತ ಇಷ್ಟು ಎತ್ತರವೆಂಬುದೇ ನನಗೆ ಮರೆತುಹೋಗಿತ್ತು! ಮೇಲಿನಿಂದ ನನ್ನನ್ನೇ ನೋಡಿದ.

“ಲೋಲಾಕ್ಷಿ, ನಿನ್ನ ನೆತ್ತಿಯಲ್ಲಿ ಬಿಳಿ ಕೂದಲು ಉಂಟಲ್ಲ ಮಾರಾಯ್ತಿ!”

ನಗಲು ಹೋದರೆ ಅಳು ಬಂತು. ಈಗಲೂ ನಂಬಲಾಗುತ್ತಿಲ್ಲ, ನಾನು ಕತ್ತೆತ್ತಿ ಅವನ ಮುಖ ನೋಡಿದೆನೆಂದು.